ದೀಪ ಕೊಟ್ಟವರು ಸರಿ, ಎಣ್ಣೆ ಯಾರದು? ಒಂದು ಬಲ್ಬಿಂದ 200 ಯೂನಿಟ್‌ವರೆಗೆ

ಇವತ್ತಿನ ವಿಷಯ ಕರೆಂಟ್ ಬಿಲ್ಲು. ಬೋರು ಅಂತ ಸ್ಕಿಪ್ ಮಾಡಬೇಡಿ, ಇದರೊಳಗೆ ಸಾವಿರ ವರ್ಷದ ಕತೆ ಇದೆ.

2023ರ ಜೂನ್‌ನಲ್ಲಿ ಒಂದು ಸುದ್ದಿ ಬಂದಿತ್ತು, ನೆನಪಿದೆಯಾ? ಕೊಪ್ಪಳ ಜಿಲ್ಲೆಯ ಒಬ್ಬ ಅಜ್ಜಿ. ತಗಡಿನ ಪುಟ್ಟ ಮನೆ, ಎರಡು ಬಲ್ಬು, ಭಾಗ್ಯಜ್ಯೋತಿ ಕನೆಕ್ಷನ್. ಅವರಿಗೆ ಬಂದ ಬಿಲ್ಲು 1 ಲಕ್ಷ ರೂಪಾಯಿಗೂ ಮೇಲೆ! ಆಮೇಲೆ ಅದು ತಾಂತ್ರಿಕ ದೋಷ, ಅಜ್ಜಿ ಕಟ್ಟಬೇಕಾಗಿಲ್ಲ ಅಂತ ಸರ್ಕಾರವೇ ಹೇಳಿತು. ಎಲ್ಲರೂ ಆ ಲಕ್ಷದ ಬಗ್ಗೆ ಮಾತಾಡಿದರು. ನನ್ನ ತಲೆಯಲ್ಲಿ ಉಳಿದಿದ್ದು ಬೇರೆ ವಿಷಯ. ಆ ಮನೆಯಲ್ಲಿ ಎರಡು ಬಲ್ಬು ಇತ್ತು. ಭಾಗ್ಯಜ್ಯೋತಿ ಮನೆಗೆ ಹಳೇ ಲೆಕ್ಕದಲ್ಲಿ ಇರಬೇಕಾಗಿದ್ದು ಒಂದೇ.

ಅದು ನನಗೆ ಹೇಗೆ ಗೊತ್ತು ಅಂದರೆ, ನಮ್ಮ ಅಜ್ಜಿ ಮನೆ ಗಾವಡಗೆರೆ ಹೋಬಳಿಯಲ್ಲಿ. ಹುಣಸೂರು ತಾಲ್ಲೂಕು. ನಾನು ಪ್ರೈಮರಿ ಸ್ಕೂಲಲ್ಲಿ ಇದ್ದಾಗ ಅಲ್ಲಿಗೆ ಒಂದು ಹಳೇ ಟಿವಿ ಬಂತು. ಮೀಟರ್ ನೋಡೋರು ಊರಿಗೆ ಬಂದ್ರು ಅಂತ ಬೀದಿ ಮಕ್ಕಳು ಕೂಗಿದರೆ ಸಾಕು, ಅಜ್ಜಿ ವೈರ್ ಕಿತ್ತು ಟಿವಿ ಮೇಲೆ ಕಂಬಳಿ ಹೊದಿಸೋರು. ಯಾಕಜ್ಜಿ ಅಂತ ಕೇಳಿದರೆ, "ಬಡವ್ರ ಮನೇಲಿ ಒಂದೇ ಬಲ್ಬು ಇರ್ಬೇಕು ಕಣವ್ವ, ಎರಡಾದ್ರೆ ಸಾಹುಕಾರ್ರು ಅಂತ ಬರ್ಕೋತಾರೆ" ಅನ್ನೋರು. ನಾನು ಅಜ್ಜಿ ತಮಾಷೆ ಮಾಡ್ತಿದಾರೆ ಅಂದ್ಕೊಂಡಿದ್ದೆ. ಬಿಕಾಂ ಮುಗಿಸಿ, ಕೆಲಸಕ್ಕೆ ಸೇರಿ, ಒಂದು ದಿನ ಸುಮ್ಮನೆ ಹಳೇ ವಿದ್ಯುತ್ ದರಪಟ್ಟಿ ಓದ್ತಾ ಕೂತಾಗ ಗೊತ್ತಾಯ್ತು, ಅಜ್ಜಿ ಹೇಳಿದ್ದು ಅಕ್ಷರಶಃ ನಿಯಮ.

ಆ ನಿಯಮಕ್ಕೆ ಆಮೇಲೆ ಬರ್ತೀನಿ. ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ.

ನಮ್ಮ ಕಡೆ ಬೆಳಕಿಗೆ ದಾನ ಕೊಡೋದು ತುಂಬಾ ಹಳೇ ಅಭ್ಯಾಸ. ಕನ್ನಡ ಶಾಸನಗಳಲ್ಲಿ ಮತ್ತೆ ಮತ್ತೆ ಬರೋ ಒಂದು ಪದ ಇದೆ, ನಂದಾದೀವಿಗೆ. ದೇವಸ್ಥಾನದಲ್ಲಿ ಆರದೆ ಉರೀಬೇಕಾದ ದೀಪ. ಬರೀ ದೀಪದ ಕಂಬ ಮಾಡಿಸಿಕೊಟ್ಟು ಹೋದರೆ ಅದು ಉರಿಯಲ್ಲ ಅಲ್ವಾ? ಹಾಗಾಗಿ ದಾನ ಕೊಡೋರು ಎಣ್ಣೆಗೂ ವ್ಯವಸ್ಥೆ ಮಾಡ್ತಿದ್ರು. ಕೆಲವರು ಹೊಲ ಬಿಟ್ಟುಕೊಟ್ಟರು. ಕೆಲವರು ಗದ್ಯಾಣ ಇಟ್ಟು, ಅದರ ಬಡ್ಡಿಯಲ್ಲಿ ಎಣ್ಣೆ ಕೊಳ್ಳಿ ಅಂದರು. ಇನ್ನೂ ಕೆಲವು ಕಡೆ ಊರಿನ ಗಾಣದವರು ಗಾಣಕ್ಕೆ ಇಂತಿಷ್ಟು ಎಣ್ಣೆ ಅಂತ ಒಪ್ಪಿಕೊಂಡರು. ಅಳತೆ ಎಷ್ಟು ಅನ್ನೋದನ್ನೂ ಕಲ್ಲಲ್ಲಿ ಕೆತ್ತಿಸಿದರು. ನಾನು ಕಾಮರ್ಸ್ ಓದಿರೋಳು, ನನಗೆ ಇದು ಪಕ್ಕಾ ಫಿಕ್ಸೆಡ್ ಡೆಪಾಸಿಟ್ ಥರ ಕಾಣುತ್ತೆ.

ಒಂದೇ ತಕರಾರು. ಅದೆಲ್ಲ ದೇವರ ಮನೆಗೆ. ಆ ದೇವಸ್ಥಾನದ ಪಕ್ಕದ ಗುಡಿಸಲಲ್ಲಿ ಇದ್ದೋರು ಹರಳೆಣ್ಣೆನೋ ಹೊಂಗೆ ಎಣ್ಣೆನೋ ತಾವೇ ಹೊಂದಿಸ್ಕೋಬೇಕಿತ್ತು. ಇಲ್ಲ ಅಂದರೆ ಕತ್ತಲಾದ ಕೂಡಲೇ ಮಲಗೋದು.

ಆಮೇಲೆ ಕರೆಂಟು ಬಂತು. 1902ರಲ್ಲಿ ಶಿವನಸಮುದ್ರ. ಕಾವೇರಿ ನಮ್ಮ ಕೆ.ಆರ್. ನಗರದ ಮುಂದೇನೇ ಹರಿದು ಅಲ್ಲಿಗೆ ಹೋಗ್ತಾಳೆ. ಆ ಕರೆಂಟು ಮೊದಲು ಹೋಗಿದ್ದು ಯಾರ ಮನೆಗೆ? ಯಾರ ಮನೆಗೂ ಅಲ್ಲ, ಕೋಲಾರದ ಚಿನ್ನದ ಗಣಿಗೆ. ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕಳಿಸಿದರು. ಶಿವನಸಮುದ್ರದಿಂದ ಹುಣಸೂರು ಅದಕ್ಕಿಂತ ಹತ್ತಿರ! 1905ರಲ್ಲಿ ಬೆಂಗಳೂರಿಗೆ ದೀಪ, 1908ರಲ್ಲಿ ಮೈಸೂರಿಗೆ. ಗಣಿಗೆ ಬೇಸಿಗೆಯಲ್ಲೂ ಕರೆಂಟು ನಿಲ್ಲಬಾರದು ಅನ್ನೋದು ಕೆ.ಆರ್.ಎಸ್. ಅಣೆಕಟ್ಟು ಕಟ್ಟೋದಕ್ಕೆ ಒಂದು ದೊಡ್ಡ ಕಾರಣ. ಅದಕ್ಕಾಗಿ ಕನ್ನಂಬಾಡಿ ಊರೇ ಮುಳುಗಿತು. ನೀರಾವರಿ ಕತೆ ನಮಗೆಲ್ಲ ಶಾಲೆಯಲ್ಲಿ ಹೇಳಿಕೊಟ್ಟಿದ್ದಾರೆ, ಈ ಚಿನ್ನದ ಕತೆಯನ್ನ ಅಷ್ಟಾಗಿ ಹೇಳಲ್ಲ.

ಹಳ್ಳಿಗಳಿಗೆ ಕಂಬ ಬಂದಿದ್ದು ಬಹಳ ತಡವಾಗಿ. 1957ರಲ್ಲಿ ವಿದ್ಯುತ್ ಮಂಡಳಿ, ಅಂದರೆ ಕೆಇಬಿ ಶುರುವಾಯ್ತು. ಊರಿಗೆ ಕಂಬ ಬಂದರೂ ಕಂಬದಿಂದ ಮನೆಗೆ ವೈರ್ ಎಳೆಸೋಕೆ ದುಡ್ಡು ಬೇಕಲ್ಲ? ಹಾಗಾಗಿ ಬಡವರಿಗೆ ಇದ್ದ ಸಹಾಯ ಅಂದರೆ ರೇಷನ್ ಅಂಗಡಿಯ ನೀಲಿ ಸೀಮೆಎಣ್ಣೆ. ನಮ್ಮ ಸೋದರಮಾವ ಹೊಗೆಸೊಪ್ಪಿನ ಬ್ಯಾರನ್‌ನಲ್ಲಿ ರಾತ್ರಿ ಪಾಳಿ ಮಾಡ್ತಿದ್ರು. ಹುಣಸೂರು, ಪಿರಿಯಾಪಟ್ಟಣದ ಕಡೆಯವರಿಗೆ ಗೊತ್ತಿರುತ್ತೆ, ಸೊಪ್ಪು ಬೇಯಿಸೋ ಸೀಸನ್‌ನಲ್ಲಿ ರಾತ್ರಿಯಿಡೀ ಒಲೆಗೆ ಸೌದೆ ಹಾಕ್ತಾನೇ ಇರಬೇಕು, ಶಾಖ ಇಳೀಬಾರದು. ಮಾವ ಎಸ್ಸೆಸ್ಸೆಲ್ಸಿಗೆ ಓದಿದ್ದು ಆ ಒಲೆ ಬಾಯಿಯ ಬೆಳಕಲ್ಲೇ. ಮನೆಯ ಬುಡ್ಡಿದೀಪಕ್ಕಿಂತ ಅದೇ ಜೋರಾಗಿತ್ತಂತೆ.

70ರ ದಶಕ ಮುಗಿದು 80ರ ದಶಕ ಶುರುವಾಗೋ ಹೊತ್ತಿಗೆ ಭಾಗ್ಯಜ್ಯೋತಿ ಬಂತು. ನಮ್ಮ ಕಡೆ ಹಿರಿಯರು ಇದನ್ನ ದೇವರಾಜ ಅರಸು ಅವರ ಹೆಸರಿನ ಜೊತೆಗೇ ಹೇಳೋದು. ಅರಸು ನಮ್ಮ ತಾಲ್ಲೂಕಿನ ಕಲ್ಲಹಳ್ಳಿಯವರು, ಆ ಪ್ರೀತಿಯೂ ಇರಬಹುದು. ಬಡವರ ಮನೆಗೆ ಒಂದು ಕನೆಕ್ಷನ್, ಒಂದು ಬಲ್ಬು. 1988-89ರಲ್ಲಿ ಕೇಂದ್ರ ಸರ್ಕಾರದ ಕುಟೀರಜ್ಯೋತಿ ಬಂತು. ಅದೂ ಅಷ್ಟೇ, ಒಂದು ಮನೆಗೆ ಒಂದು ದೀಪದ ಪಾಯಿಂಟು. ಸಣ್ಣದು ಅನ್ಸುತ್ತಾ? ಬುಡ್ಡಿ ಹೊಗೆಯಲ್ಲಿ ಕಣ್ಣು ಉರಿಸಿಕೊಂಡೇ ಅಡುಗೆ ಮಾಡಿದ ನಮ್ಮ ಅಜ್ಜಿಯನ್ನ ಕೇಳಿ. ಮೊದಲ ದಿನ ರಾತ್ರಿ ಬಲ್ಬು ಆರಿಸೋಕೇ ಬಿಡಲಿಲ್ಲವಂತೆ, ಗೋಡೆ ಇಷ್ಟು ಕಪ್ಪಗಿತ್ತಾ ಅಂತ ಅವತ್ತೇ ನೋಡಿದ್ದಂತೆ. ಮಾರನೇ ದಿನ ಸುಣ್ಣ ಹೊಡೆದರಂತೆ.

ಸರಿ, ದೀಪ ಬಂತು. ಎಣ್ಣೆ? ಕುಟೀರಜ್ಯೋತಿಯಲ್ಲಿ ಕೇಂದ್ರದ ದುಡ್ಡು ಕನೆಕ್ಷನ್‌ಗೆ, ತಿಂಗಳ ಬಿಲ್ಲಿಗಲ್ಲ. 2017ರಲ್ಲಿ ಬಂದ ಸೌಭಾಗ್ಯ ಯೋಜನೆಯೂ ಹಾಗೇ. ಕನೆಕ್ಷನ್ ಫ್ರೀ, ಉರಿಸಿದ್ದಕ್ಕೆ ಬಿಲ್ಲು ಬೇರೆ. ಎಣ್ಣೆ ಹೊಣೆ ರಾಜ್ಯದ್ದಾಯ್ತು. ತಿಂಗಳಿಗೆ 18 ಯೂನಿಟ್‌ವರೆಗೆ ಸರ್ಕಾರ ಕಟ್ಟುತ್ತೆ ಅಂತ ಮಾಡಿದರು. ನಾನು ಓದಿದೆ ಅಂದೆನಲ್ಲ, ಆ ದರಪಟ್ಟಿಯ ನಿಯಮ ಇದೇ ಜಾಗದಲ್ಲಿ ಬರೋದು: 18 ಯೂನಿಟ್ ದಾಟಿದರೆ, ಇಲ್ಲವೇ ಮನೆಯಲ್ಲಿ ಒಂದಕ್ಕಿಂತ ಹೆಚ್ಚು ಔಟ್‌ಲೆಟ್ ಕಂಡರೆ, ಆ ಮನೆಗೆ ಮಾಮೂಲಿ ಗೃಹಬಳಕೆ ದರದಲ್ಲೇ ಬಿಲ್ಲು.

ಫೋನಲ್ಲಿ ಕ್ಯಾಲ್ಕುಲೇಟರ್ ತೆಗೀರಿ. 40 ವ್ಯಾಟ್ ಬಲ್ಬು ದಿನಕ್ಕೆ 5 ಗಂಟೆ ಉರಿದರೆ ತಿಂಗಳಿಗೆ 6 ಯೂನಿಟ್. ಸುಮಾರು 100 ವ್ಯಾಟ್‌ನ ಹಳೇ ಡಬ್ಬಾ ಟಿವಿ ದಿನಕ್ಕೆ 4 ಗಂಟೆ ನಡೆದರೆ 12 ಯೂನಿಟ್. ಒಟ್ಟು ಎಷ್ಟಾಯ್ತು? ಸರಿಯಾಗಿ 18! ಅಂದರೆ ಅಜ್ಜಿ ಯೂನಿಟ್ ಲೆಕ್ಕದಲ್ಲಿ ಎಲ್ಲೂ ತಪ್ಪಿರಲಿಲ್ಲ. ಸರ್ಕಾರ ಕೊಟ್ಟ ಎಣ್ಣೆಯೊಳಗೇ ಬಲ್ಬೂ ಉರೀತಿತ್ತು, ಟಿವಿನೂ ನಡೀತಿತ್ತು. ಆದರೂ ಕಂಬಳಿ ಹೊದಿಸಬೇಕಿತ್ತು, ಯಾಕಂದರೆ ಅದು ಎರಡನೇ ಪಾಯಿಂಟು. ಎಣ್ಣೆ ಎಷ್ಟು ಅಂತ ಅಳೆದರೆ ನನಗೆ ಅರ್ಥ ಆಗುತ್ತೆ. ಬಡವರು ಆ ಎಣ್ಣೆಯಲ್ಲಿ ಏನು ನೋಡ್ತಾರೆ ಅಂತ ಅಳೆಯೋದು ನನಗೆ ಇವತ್ತಿಗೂ ಸರಿ ಅನ್ಸಲ್ಲ.

2015ರ ಕೊನೆಗೆ ಹೊಸಬೆಳಕು ಅಂತ ಎಲ್‌ಇಡಿ ಬಲ್ಬು ಕಡಿಮೆ ಬೆಲೆಗೆ ಸಿಕ್ಕಿತು. 9 ವ್ಯಾಟ್ ಎಲ್‌ಇಡಿ 5 ಗಂಟೆ ಉರಿದರೆ ತಿಂಗಳಿಗೆ ಒಂದೂವರೆ ಯೂನಿಟ್ ಕೂಡ ಆಗಲ್ಲ. ಆಮೇಲೆ, 2017ರ ಸುಮಾರಿಗೆ, 18 ಇದ್ದಿದ್ದು 40 ಯೂನಿಟ್ ಆಯ್ತು. 2022ರಲ್ಲಿ ಪರಿಶಿಷ್ಟ ಜಾತಿ, ಪಂಗಡದ ಬಿಪಿಎಲ್ ಕುಟುಂಬಗಳಿಗೆ ಅಮೃತಜ್ಯೋತಿ, 75 ಯೂನಿಟ್.

ಇಷ್ಟೆಲ್ಲ ಆಗೋದು ಕಂಬ ಇರೋ ಕಡೆ. ಎಚ್.ಡಿ. ಕೋಟೆ, ಹುಣಸೂರಿನ ಕಾಡಂಚಿನ ಹಾಡಿಗಳ ಮಾತೇ ಬೇರೆ. ಜೇನುಕುರುಬರ ಎಷ್ಟೋ ಹಾಡಿಗಳಿಗೆ ತಂತಿ ಎಳೆಯಬೇಕು ಅಂದರೆ ಮೊದಲು ಅರಣ್ಯ ಇಲಾಖೆ ಒಪ್ಪಬೇಕು. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ವಿದ್ಯುತ್ ತಂತಿಗೆ ಜಾಗ ಕೊಡಬಹುದು ಅಂತ ಬರೆದೇ ಇದೆ, ಗ್ರಾಮಸಭೆಯ ಶಿಫಾರಸು ಬೇಕು. ಬರೆದಿರೋದಕ್ಕೂ ಬಲ್ಬು ಹತ್ತೋದಕ್ಕೂ ಮಧ್ಯೆ ಎಷ್ಟು ದೂರ ಅನ್ನೋದನ್ನ ನಾನು ಹೇಳಬೇಕಾಗಿಲ್ಲ.

ಅಂಥ ಕಡೆ ಇನ್ನೊಂದು ದಾರಿ ತೋರಿಸಿದ್ದು ಸೋಲಾರ್. ಹರೀಶ್ ಹಂದೆ ಅವರ ಹೆಸರು ಕೇಳಿರ್ತೀರಿ, 1995ರಲ್ಲಿ ಸೆಲ್ಕೋ ಶುರು ಮಾಡಿದವರಲ್ಲಿ ಒಬ್ಬರು, 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅವರು ಸುಮಾರು ಕಡೆ ಹೇಳಿರೋ ಒಂದು ಪ್ರಸಂಗ ನನಗೆ ತುಂಬಾ ಇಷ್ಟ. ಬೀದಿಬದಿ ವ್ಯಾಪಾರಿಯೊಬ್ಬರಿಗೆ ತಿಂಗಳಿಗೆ 300 ರೂಪಾಯಿ ಅಂದರೆ ಆಗಲ್ಲ ಅಂದರಂತೆ, ದಿನಕ್ಕೆ 10 ರೂಪಾಯಿ ಅಂದರೆ ಆಗುತ್ತೆ ಅಂದರಂತೆ. ಮೊತ್ತ ಒಂದೇ, ಆದರೆ ಕೈಗೆ ದುಡ್ಡು ಬರೋ ರೀತಿ ಬೇರೆ. ಕೂಲಿ ಮಾಡೋರ ಮನೆಗೆ ತಿಂಗಳ ಬಿಲ್ಲು ಭಾರ ಆಗೋದು ಬರೀ ಮೊತ್ತದಿಂದ ಅಲ್ಲ. ಅದೇ ಸಂಸ್ಥೆಯವರು ಶಾಲೆಯಲ್ಲಿ ಸೋಲಾರ್ ಚಾರ್ಜಿಂಗ್ ಇಟ್ಟು, ಮಕ್ಕಳು ಬ್ಯಾಟರಿ ತಂದು ಚಾರ್ಜ್ ಮಾಡಿಕೊಂಡು ಮನೆಗೆ ಹೋಗಿ ದೀಪ ಹಚ್ಚೋ ವ್ಯವಸ್ಥೆಯನ್ನೂ ಮಾಡಿದ್ದಾರೆ. ಸ್ಕೂಲಿಗೆ ಬಂದರೆ ಮಾತ್ರ ರಾತ್ರಿ ಬೆಳಕು. ಜಾಣತನ ಅಲ್ವಾ?

ಈಗ 2023. ಗೃಹಜ್ಯೋತಿ. ಆಗಸ್ಟ್ 5ಕ್ಕೆ ಕಲಬುರಗಿಯಲ್ಲಿ ಉದ್ಘಾಟನೆ. ಭಾಗ್ಯಜ್ಯೋತಿ, ಕುಟೀರಜ್ಯೋತಿ, ಅಮೃತಜ್ಯೋತಿ ಎಲ್ಲ ಇದರೊಳಗೆ ಸೇರಿದವು. 200 ಯೂನಿಟ್ ಫ್ರೀ ಅಂತ ಎಲ್ಲರೂ ಹೇಳ್ತಾರೆ, ಆದರೆ ಲೆಕ್ಕ ಹಾಗಿಲ್ಲ. 2022-23ರಲ್ಲಿ ನೀವು ತಿಂಗಳಿಗೆ ಸರಾಸರಿ ಎಷ್ಟು ಬಳಸಿದ್ದಿರೋ ಅದಕ್ಕೆ 10% ಸೇರಿಸಿದರೆ ನಿಮ್ಮ ಮಿತಿ. ಮಿತಿ ದಾಟಿ 200ರೊಳಗೆ ಇದ್ದರೆ ಹೆಚ್ಚಾದಷ್ಟಕ್ಕೆ ದುಡ್ಡು, 200 ದಾಟಿದರೆ ಪೂರ್ತಿ ಬಿಲ್ಲು.

ಈ ದುಡ್ಡು ಯಾರದು? 2003ರ ವಿದ್ಯುತ್ ಕಾಯ್ದೆಯ ಸೆಕ್ಷನ್ 65 ಪ್ರಕಾರ, ಸರ್ಕಾರ ಯಾರಿಗಾದರೂ ರಿಯಾಯಿತಿ ಕೊಡಬೇಕು ಅಂದರೆ ಆ ಹಣವನ್ನ ವಿದ್ಯುತ್ ಕಂಪನಿಗೆ ಮುಂಗಡವಾಗಿ ಕಟ್ಟಬೇಕು. ನಮ್ಮ ಮೈಸೂರು ಕಡೆಗೆ ಸೆಸ್ಕ್. ಅಂದರೆ ತೆರಿಗೆ ದುಡ್ಡು, ನಿಮ್ಮದೂ ನಮ್ಮ ಅಜ್ಜಿಯದೂ. ಬೆಂಕಿಪೊಟ್ಟಣ ಕೊಂಡರೂ ಜಿಎಸ್‌ಟಿ ಇದೆಯಲ್ಲ.

ಅಜ್ಜಿ ಮನೆ ಅಷ್ಟೊತ್ತಿಗೆ ಭಾಗ್ಯಜ್ಯೋತಿ ಪಟ್ಟಿಯಲ್ಲಿ ಇರಲಿಲ್ಲ. ಹಳೇ ಮನೆ ಕೆಡವಿ ಕಟ್ಟಿದಾಗ ಮಾಮೂಲಿ ಮೀಟರ್ ಹಾಕಿಸಿದ್ದರು. ನಾನೇ ಹೋಗಿ ಸೇವಾಸಿಂಧುವಿನಲ್ಲಿ ಆಧಾರ್ ಕೊಟ್ಟು ನೋಂದಣಿ ಮಾಡಿಸಿದೆ. ಅವರ ಸರಾಸರಿ ಎಷ್ಟು ಬಂತು? 24 ಯೂನಿಟ್. ಒಂದೇ ಬಲ್ಬಿನ ಕಾಲದಿಂದ ಕೈ ಅಷ್ಟು ಬಿಗಿಯಾಗಿದೆ, ಕೋಣೆಯಿಂದ ಆಚೆ ಬಂದರೆ ಸ್ವಿಚ್ ಆಫ್. ಮಿತಿ 26 ಚಿಲ್ಲರೆ. ಮೈಸೂರಲ್ಲಿ ನನ್ನ ಬಾಡಿಗೆ ಮನೆಯ ಸರಾಸರಿ 120, ಹಾಗಾಗಿ ನನಗೆ 132. ಫ್ರಿಜ್, ವಾಷಿಂಗ್ ಮಷಿನ್ ಇರೋ ನನಗೆ ಅಜ್ಜಿಯ ಐದರಷ್ಟು! ಇನ್ನೂ ಮಜಾ ಕೇಳಿ. ಹಳೇ ಲೆಕ್ಕವೇ ಇಲ್ಲದ ಹೊಸ ಮನೆಗೆ ರಾಜ್ಯದ ಸರಾಸರಿ 53 ಅಂತ ಹಿಡಿದು, 10% ಸೇರಿಸಿ 58 ಯೂನಿಟ್ ಕೊಟ್ಟರು. ಅಜ್ಜಿ ಆ ವರ್ಷ ಮೀಟರೇ ಇಲ್ಲದೆ ಕೂತಿದ್ದರೆ ಹೆಚ್ಚು ಸಿಗ್ತಿತ್ತು.

ಈ ಯೋಜನೆ ಬೇಡ ಅಂತ ನಾನು ಹೇಳ್ತಿಲ್ಲ. ಸೊನ್ನೆ ಬಿಲ್ಲು ಕೈಯಲ್ಲಿ ಹಿಡಿದ ಹೆಂಗಸರ ಮುಖ ನಾನು ನೋಡಿದೀನಿ. ಭಾಗ್ಯಜ್ಯೋತಿಯ ಥರ ಎರಡನೇ ಪಾಯಿಂಟು ಹುಡುಕೋ ಕಾಟ ಇದರಲ್ಲಿಲ್ಲ, ಅದು ದೊಡ್ಡದು. ಆದರೆ ಕಡಿಮೆ ಉರಿಸಿದವರಿಗೆ ಕಡಿಮೆ ಎಣ್ಣೆ ಅನ್ನೋ ಈ ಅಳತೆ ಅಜ್ಜಿಯಂಥವರ ಹಳೇ ಬಡತನವನ್ನೇ ಸರಾಸರಿ ಅಂತ ಬರೆದಿಟ್ಟುಕೊಂಡ ಹಾಗಾಯ್ತು. ಇದು ಸರ್ಕಾರಕ್ಕೂ ಸ್ವಲ್ಪ ಕಂಡಿತು ಅನ್ಸುತ್ತೆ. 2024ರ ಜನವರಿಯಲ್ಲಿ ಸಚಿವ ಸಂಪುಟ 48 ಯೂನಿಟ್‌ಗಿಂತ ಕಡಿಮೆ ಬಳಸೋರಿಗೆ 10% ಬದಲು 10 ಯೂನಿಟ್ ಸೇರಿಸೋಕೆ ತೀರ್ಮಾನ ಮಾಡಿತು. ಅಜ್ಜಿಗೆ 34 ಆಯ್ತು.

ಆ ಬೇಸಿಗೆಗೆ ನಾನು ಅವರಿಗೆ ಒಂದು ಟೇಬಲ್ ಫ್ಯಾನ್ ಕೊಡಿಸಿದೆ. ದಿನಕ್ಕೆ 8 ಗಂಟೆ ಓಡಿದರೆ 60 ವ್ಯಾಟ್ ಫ್ಯಾನಿಗೆ ತಿಂಗಳಿಗೆ 14 ಯೂನಿಟ್ ಚಿಲ್ಲರೆ, ಅಜ್ಜಿಯ 24ಕ್ಕೆ ಸೇರಿಸಿದರೆ 34 ದಾಟುತ್ತೆ. ದಾಟಿದರೆ ದಾಟಲಿ, ನಾಲ್ಕೈದು ಯೂನಿಟ್ ದುಡ್ಡು ನಾನು ಕಟ್ತೀನಿ ಅಂತ ಹೇಳಿ ಬಂದೆ. ಮುಂದಿನ ತಿಂಗಳು ಹೋದಾಗ ಬಿಲ್ಲು ನೋಡಿದರೆ ಸೊನ್ನೆ. ಫ್ಯಾನ್ ಮೇಲೆ ಅದೇ ಹಳೇ ಕಂಬಳಿ.

"ಯಾಕಜ್ಜಿ, ಸೆಖೆ ಆಗಲ್ವಾ?"

"ಆಯ್ತದೆ ಕಣವ್ವ. ನೀ ಬಂದಿದ್ದೀಯಲ್ಲ, ಈಗ ಹಾಕು."

ನಿಮ್ಮ ಮನೆ ಬಿಲ್ಲಿನಲ್ಲಿ ಅರ್ಹ ಯೂನಿಟ್ ಎಷ್ಟು ಅಂತ ಬರೆದಿರುತ್ತೆ, ಒಂದು ಸಲ ನೋಡಿ. ಊರಲ್ಲಿರೋ ಅಜ್ಜಿ ತಾತನ ಮನೆಯದ್ದನ್ನೂ ನೋಡಿ. ಎರಡನ್ನೂ ಅಕ್ಕಪಕ್ಕ ಇಟ್ಟು ಫೋಟೋ ತೆಗೆದು ನನಗೆ ಕಳಿಸಿ, ಹೆಸರು ಮತ್ತು ಆರ್.ಆರ್. ನಂಬರ್ ಮುಚ್ಚಿ. ಮುಂದಿನ ವಾರ ಸಿಗೋಣ.