ಮೊಬೈಲ್ ಒತ್ತಲು ಬಾರದಿದ್ದರೆ ತಪ್ಪು ಯಾರದು?

ಮೊಬೈಲ್‌ನಲ್ಲಿ ಪಹಣಿ ನೋಡಲು ಹೋಗಿ ಸಾಕಾದ ಹಿರಿಯರು ನಮ್ಮ ಊರುಗಳಲ್ಲಿ ಹೇಳುವ ಮಾತು ಒಂದೇ: "ನಾವು ಓದಿಲ್ಲ, ಇದು ನಮಗಲ್ಲ." ತಪ್ಪು ಅವರದಲ್ಲ, ಆ್ಯಪ್ ಮಾಡಿದವರದು ಎನ್ನುವ ಒಂದು ಓದೇ ಇದೆ. ಜನ ಮತ್ತು ಕಂಪ್ಯೂಟರ್ ನಡುವಿನ ಒಡನಾಟವನ್ನು ರೂಪಿಸುವ ಈ ಓದಿಗೆ ಎಚ್‌ಸಿಐ ಎಂದು ಹೆಸರು.

ಮೊದಮೊದಲು ಜನರೇ ಕಂಪ್ಯೂಟರಿಗೆ ಹೊಂದಿಕೊಳ್ಳಬೇಕಿತ್ತು. ತೂತು ಹೊಡೆದ ಕಾರ್ಡುಗಳನ್ನು ಕೊಟ್ಟು ಉತ್ತರಕ್ಕೆ ಕಾಯಬೇಕಿತ್ತು. 1963ರಲ್ಲಿ ಅಮೆರಿಕದ ಎಂಐಟಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಐವಾನ್ ಸದರ್ಲ್ಯಾಂಡ್, ಬೆಳಕಿನ ಪೆನ್ನು ಹಿಡಿದು ಪರದೆಯ ಮೇಲೆ ನೇರವಾಗಿ ಚಿತ್ರ ಬರೆಯುವ 'ಸ್ಕೆಚ್‌ಪ್ಯಾಡ್' ಮಾಡಿ ತೋರಿಸಿದರು. 1983ರಲ್ಲಿ ಕಾರ್ಡ್, ಮೊರಾನ್, ನ್ಯೂವೆಲ್ ಎಂಬ ಮೂವರು ಕಂಪ್ಯೂಟರ್ ಬಳಸುವವರ ಮನಶ್ಶಾಸ್ತ್ರದ ಬಗ್ಗೆಯೇ ಪುಸ್ತಕ ಬರೆದರು. ಮುಂದೆ ಕಾರ್ನೆಗಿ ಮೆಲನ್‌ನಂಥ ವಿಶ್ವವಿದ್ಯಾಲಯಗಳಲ್ಲಿ ಇದು ಸ್ನಾತಕೋತ್ತರ ಪದವಿಯಾಯಿತು. ನಮ್ಮಲ್ಲಿ ಐಐಟಿ ಬಾಂಬೆಯ ವಿನ್ಯಾಸ ವಿಭಾಗದಲ್ಲೂ ಇದನ್ನು ಕಲಿಸುತ್ತಾರೆ.

ಆದರೆ ಈ ಓದಿನ ಬಹುಪಾಲು ಅಕ್ಷರ ಬಲ್ಲವರನ್ನೇ ಎದುರಿಗಿಟ್ಟುಕೊಂಡು ಬೆಳೆದಿತ್ತು. ಓದು ಬಾರದವರು ಏನು ಮಾಡಬೇಕು? ಉತ್ತರ ಹುಡುಕುವ ಒಂದು ದೊಡ್ಡ ಪ್ರಯತ್ನ ನಡೆದದ್ದು ನಮ್ಮ ಬೆಂಗಳೂರಿನಲ್ಲೇ.

ಅಲ್ಲಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದಲ್ಲಿದ್ದ ಇಂದ್ರಾಣಿ ಮೇಧಿ ವಿನ್ಯಾಸ ಓದಿದವರು. ಅವರು ಮತ್ತು ಜೊತೆಗಾರರು ಮೂರು ಕೊಳೆಗೇರಿಗಳಿಗೆ ಹೋಗಿ, ಓದು ಬಾರದ ಮನೆಗೆಲಸದವರ ಜೊತೆ ಎಷ್ಟೋ ಗಂಟೆ ಕಳೆದರು. 'ನಿಮಗೆ ಏನು ಬೇಕು' ಎಂಬುದರಿಂದಲೇ ಶುರು ಮಾಡಿದರು. ಕೆಲಸ ಹುಡುಕಿಕೊಳ್ಳಲು, ಊರಿನ ನಕ್ಷೆ ನೋಡಲು ಅಕ್ಷರವೇ ಇಲ್ಲದ ಎರಡು ಪ್ರೋಗ್ರಾಂಗಳು ತಯಾರಾದವು. ಅಕ್ಷರದ ಜಾಗದಲ್ಲಿ ಚಿತ್ರ, ಚಿತ್ರದ ಜೊತೆ ಧ್ವನಿ, ಎಲ್ಲಿ ಸಿಕ್ಕಿಕೊಂಡರೂ ಸಹಾಯದ ಗುಂಡಿ. ಅಂಕಿಗಳನ್ನು ಮಾತ್ರ ಉಳಿಸಿಕೊಂಡರು. ಓದು ಬಾರದವರಿಗೂ ಅಂಕಿಯ ಗುರುತು ಇರುತ್ತದಲ್ಲ!

ಚಿತ್ರ ಬರೆಯುವುದೂ ಸುಲಭವಿರಲಿಲ್ಲ. ಸುಮ್ಮನೆ ಅಡುಗೆಮನೆ ಬರೆದರೆ ಅದು ಜಾಗವೋ ಕೆಲಸವೋ ತಿಳಿಯದು. ನಲ್ಲಿಯಲ್ಲಿ ನೀರು ಹರಿಯುವಂತೆ ಬರೆದರೆ ಪಾತ್ರೆ ತೊಳೆಯುವ ಕೆಲಸ ಎಂದು ಗೊತ್ತಾಗುತ್ತದೆ. ಇಂಥದ್ದು ಕಚೇರಿಯಲ್ಲಿ ಕೂತರೆ ಹೊಳೆಯುವುದಿಲ್ಲ. ಬಳಸುವವರ ಮುಂದಿಟ್ಟು, ಕೇಳಿ, ತಿದ್ದಬೇಕು.

2006ರಲ್ಲಿ ಈ ಕೆಲಸದ ವರದಿ ಬಂತು. ಅಕ್ಷರ ತುಂಬಿದ ಪರದೆಗಿಂತ ಇದನ್ನೇ ಆ ಜನ ಮೆಚ್ಚಿದ್ದರು. ಜನರೂ ಅವರೇ, ಅವರ ಓದೂ ಅಷ್ಟೇ. ಬದಲಾದದ್ದು ಪರದೆ ಮಾತ್ರ.

ಇಂದು ಪಿಂಚಣಿ, ಪಡಿತರ, ಬೆಳೆ ವಿಮೆ ಎಲ್ಲಕ್ಕೂ ಪರದೆ ಬಂದಿದೆ. ಹಾಗಾಗಿ "ಅಜ್ಜಿಗೆ ಒತ್ತಲು ಬರಲ್ಲ" ಎಂದು ನಗುವ ಮೊದಲು, ಇದನ್ನು ಮಾಡಿದವರು ಒಬ್ಬ ಅಜ್ಜಿಯನ್ನಾದರೂ ಕೇಳಿದ್ದರೇ ಎಂದು ನಾವು ಕೇಳಬೇಕು.