ಭದ್ರತಾ ಅಲಾರಂ ವ್ಯವಸ್ಥೆಗೆ ಇಂಟರ್ನೆಟ್ ಮಾಡ್ಯೂಲ್ ಅಳವಡಿಕೆ ಹಾಗೂ ಹೊಂದಾಣಿಕೆ: ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಮನೆ, ಅಂಗಡಿ, ಉಗ್ರಾಣ, ಸಹಕಾರ ಸಂಘದ ಕಚೇರಿ ಮುಂತಾದ ಸ್ಥಳಗಳಲ್ಲಿರುವ ಭದ್ರತಾ ಅಲಾರಂ ವ್ಯವಸ್ಥೆಯು ಎರಡು ಕೆಲಸಗಳನ್ನು ನಿರ್ವಹಿಸುತ್ತದೆ. ಅಕ್ರಮ ಪ್ರವೇಶವನ್ನು ಗುರುತಿಸಿ ಸೈರನ್ ಮೊಳಗಿಸುವುದು ಮೊದಲನೆಯದು. ಸ್ಥಳದಲ್ಲಿಲ್ಲದ ಮಾಲೀಕರಿಗೆ ಅಥವಾ ನಿಗಾ ಕೇಂದ್ರಕ್ಕೆ ಆ ಸಂಗತಿಯನ್ನು ತಿಳಿಸುವುದು ಎರಡನೆಯದು. ಸೈರನ್ ಕೆಟ್ಟಿದ್ದರೆ ಪರೀಕ್ಷಿಸಿದ ಕೂಡಲೇ ತಿಳಿಯುತ್ತದೆ. ಸಂದೇಶ ರವಾನೆ ಕೆಟ್ಟಿದ್ದರೆ ಕೀಪ್ಯಾಡಿನ ದೀಪ, ಸೈರನ್ನಿನ ಸದ್ದು ಎಲ್ಲವೂ ಸರಿಯಾಗಿಯೇ ಇರಬಹುದು. ಕಳ್ಳತನ ನಡೆದ ಮೇಲಷ್ಟೇ ಲೋಪ ಬೆಳಕಿಗೆ ಬರುತ್ತದೆ. ಆದುದರಿಂದ ಇಂಟರ್ನೆಟ್ ಮಾಡ್ಯೂಲನ್ನು ಅಳವಡಿಸಿದರೆ ಸಾಲದು. ಅದು ಸಂಪರ್ಕದಲ್ಲಿದೆಯೇ ಎಂಬುದರ ಮೇಲೆ ನಿರಂತರ ನಿಗಾ ಇರುವಂತೆ ಹೊಂದಿಸುವುದು ಅತ್ಯವಶ್ಯಕ.

ಅಲಾರಂ ವ್ಯವಸ್ಥೆಯನ್ನು ಹೊಸದಾಗಿ ಪಡೆಯುವವರು, ನಿಗಾ ಸೇವೆಗೆ ಅರ್ಜಿ ಸಲ್ಲಿಸುವವರು ಹಾಗೂ ಹಳೆಯ ದೂರವಾಣಿ ಆಧಾರಿತ ವ್ಯವಸ್ಥೆಯನ್ನು ಇಂಟರ್ನೆಟ್‌ಗೆ ಬದಲಾಯಿಸಲು ಇಚ್ಛಿಸುವವರ ತಿಳುವಳಿಕೆಗಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

ಇಂಟರ್ನೆಟ್ ಮಾಡ್ಯೂಲ್ ಎಂದರೇನು?

ಬಾಗಿಲಿನ ಮ್ಯಾಗ್ನೆಟಿಕ್ ಸೆನ್ಸರ್, ಚಲನೆ ಗುರುತಿಸುವ ಸೆನ್ಸರ್, ಹೊಗೆ ಸೆನ್ಸರ್ ಮೊದಲಾದವುಗಳ ತಂತಿಗಳೆಲ್ಲವೂ ಒಂದು ಲೋಹದ ಪೆಟ್ಟಿಗೆಯಲ್ಲಿರುವ ಕಂಟ್ರೋಲ್ ಪ್ಯಾನೆಲ್‌ಗೆ ಸೇರುತ್ತವೆ. ಈ ಪ್ಯಾನೆಲ್‌ನ ಸಂಕೇತಗಳನ್ನು ಅಂತರ್ಜಾಲದ ಮೂಲಕ ಹೊರಗೆ ಕಳುಹಿಸುವ ಚಿಕ್ಕ ಎಲೆಕ್ಟ್ರಾನಿಕ್ ಘಟಕವೇ ಇಂಟರ್ನೆಟ್ ಮಾಡ್ಯೂಲ್. ಒಂದು ಬದಿಯಲ್ಲಿ ಇದು ಪ್ಯಾನೆಲ್‌ಗೂ, ಇನ್ನೊಂದು ಬದಿಯಲ್ಲಿ ಲ್ಯಾನ್ ಕೇಬಲ್ ಅಥವಾ ವೈ-ಫೈ ಮೂಲಕ ರೂಟರ್‌ಗೂ ಜೋಡಣೆಯಾಗುತ್ತದೆ.

ಹಿಂದೆ ಈ ಕೆಲಸವನ್ನು ಸ್ಥಿರ ದೂರವಾಣಿ ಮಾಡುತ್ತಿತ್ತು. ತಾಮ್ರದ ತಂತಿಯ ದೂರವಾಣಿಗೆ ಬೇಕಾದ ವಿದ್ಯುತ್ತು ವಿನಿಮಯ ಕೇಂದ್ರದಿಂದಲೇ ಬರುತ್ತಿದ್ದುದರಿಂದ ಮನೆಯಲ್ಲಿ ಕರೆಂಟ್ ಹೋದರೂ ಅಲಾರಂ ಸಂದೇಶ ಹೋಗುತ್ತಿತ್ತು. ಫೈಬರ್ ಸಂಪರ್ಕದಲ್ಲಿ ಹೀಗಿಲ್ಲ. ಮನೆಯೊಳಗಿನ ಫೈಬರ್ ಮೋಡೆಮ್‌ಗೆ ವಿದ್ಯುತ್ ಇಲ್ಲದಿದ್ದರೆ ದೂರವಾಣಿಯೂ ಇಲ್ಲ, ಇಂಟರ್ನೆಟ್ಟೂ ಇಲ್ಲ. ಅಲ್ಲದೆ, ಹಳೆಯ ಪ್ಯಾನೆಲ್‌ಗಳು ಕಳುಹಿಸುವ ಧ್ವನಿ ಸಂಕೇತಗಳು ಇಂಟರ್ನೆಟ್ ಆಧಾರಿತ ದೂರವಾಣಿಯಲ್ಲಿ ವಿರೂಪಗೊಳ್ಳುವ ಸಾಧ್ಯತೆ ಇದೆ. ತಾಮ್ರದ ಸಂಪರ್ಕವನ್ನು ಫೈಬರ್‌ಗೆ ಬದಲಾಯಿಸಿಕೊಂಡವರು ತಮ್ಮ ಅಲಾರಂ ಇಂದಿಗೂ ಸಂದೇಶ ಕಳುಹಿಸುತ್ತಿದೆಯೇ ಎಂಬುದನ್ನು ಕೂಡಲೇ ಪರೀಕ್ಷಿಸಿಕೊಳ್ಳತಕ್ಕದ್ದು.

ಸೇವೆಗೆ ಅರ್ಜಿ ಸಲ್ಲಿಸುವ ಮುನ್ನ

1. ತಮ್ಮ ಪ್ಯಾನೆಲ್‌ನ ತಯಾರಕರು, ಮಾದರಿ ಸಂಖ್ಯೆ ಹಾಗೂ ಸಾಫ್ಟ್‌ವೇರ್ ಆವೃತ್ತಿಯನ್ನು ಬರೆದುಕೊಳ್ಳುವುದು. ಒಂದು ಕಂಪನಿಯ ಮಾಡ್ಯೂಲ್ ಸಾಮಾನ್ಯವಾಗಿ ಇನ್ನೊಂದು ಕಂಪನಿಯ ಪ್ಯಾನೆಲ್‌ಗೆ ನೇರವಾಗಿ ಹೊಂದುವುದಿಲ್ಲ.

2. ಎಚ್ಚರಿಕೆಯು ತಮ್ಮ ಮೊಬೈಲ್‌ಗೆ ಮಾತ್ರ ಬರಬೇಕೇ ಅಥವಾ 24 ಗಂಟೆ ಸಿಬ್ಬಂದಿ ಇರುವ ನಿಗಾ ಕೇಂದ್ರಕ್ಕೂ ಹೋಗಬೇಕೇ ಎಂಬುದನ್ನು ತೀರ್ಮಾನಿಸುವುದು. ಮೊಬೈಲ್ ಆಫ್ ಆಗಿದ್ದಾಗ ಅಥವಾ ಸದ್ದಿಲ್ಲದ ಸ್ಥಿತಿಯಲ್ಲಿದ್ದಾಗ ಬಂದ ಎಚ್ಚರಿಕೆಯನ್ನು ನೋಡುವವರು ಯಾರೂ ಇರುವುದಿಲ್ಲ.

3. ಅಲಾರಂ ಜೊತೆಗೆ ಕಾವಲುಗಾರರನ್ನೂ ಒದಗಿಸುವ ಸಂಸ್ಥೆಯಾಗಿದ್ದಲ್ಲಿ, ಖಾಸಗಿ ಭದ್ರತಾ ಏಜೆನ್ಸಿಗಳ (ನಿಯಂತ್ರಣ) ಅಧಿನಿಯಮ, 2005 ರ ಅಡಿಯಲ್ಲಿ ಪರವಾನಗಿ ಪಡೆದಿದೆಯೇ ಎಂದು ಪರಿಶೀಲಿಸುವುದು. ಪರವಾನಗಿ ಅಥವಾ ಅದರ ಪ್ರತಿಯನ್ನು ವ್ಯವಹಾರದ ಸ್ಥಳದಲ್ಲಿ ಎದ್ದು ಕಾಣುವಂತೆ ಪ್ರದರ್ಶಿಸುವುದು ಆ ಸಂಸ್ಥೆಯ ಕರ್ತವ್ಯವಾಗಿದೆ. ಪರವಾನಗಿಯ ಅವಧಿ 5 ವರ್ಷಗಳಾಗಿದ್ದು, ಅವಧಿ ಮುಗಿದಿಲ್ಲವೆಂಬುದನ್ನೂ ಖಚಿತಪಡಿಸಿಕೊಳ್ಳುವುದು.

4. ಒಪ್ಪಂದ ಪತ್ರದಲ್ಲಿ ಈ ಅಂಶಗಳು ಬರಹದಲ್ಲಿರುವಂತೆ ನೋಡಿಕೊಳ್ಳುವುದು: ಸಂಪರ್ಕ ಕಡಿದುಹೋದರೆ ಎಷ್ಟು ನಿಮಿಷಗಳಲ್ಲಿ ತಿಳಿಸಲಾಗುವುದು, ಯಾರಿಗೆ, ಯಾವ ಕ್ರಮದಲ್ಲಿ ಕರೆ ಮಾಡಲಾಗುವುದು, ಸೇವೆ ಮುಗಿದಾಗ ಪ್ಯಾನೆಲ್‌ನ ಇನ್‌ಸ್ಟಾಲರ್ ಕೋಡ್ ಅನ್ನು ಮಾಲೀಕರಿಗೆ ಒಪ್ಪಿಸಲಾಗುವುದೇ ಇಲ್ಲವೇ.

ಅಳವಡಿಕೆಯ ಕ್ರಮ

ಅಳವಡಿಕೆಯನ್ನು ತರಬೇತಿ ಪಡೆದ ತಂತ್ರಜ್ಞರಿಂದಲೇ ಮಾಡಿಸುವುದು ಸೂಕ್ತ. ಪ್ಯಾನೆಲ್ ಪೆಟ್ಟಿಗೆಯಲ್ಲಿ 230 ವೋಲ್ಟ್ ವಿದ್ಯುತ್ ಸಂಪರ್ಕ ಇರಬಹುದಾದ್ದರಿಂದ ಮಾಲೀಕರು ತಾವೇ ತೆರೆಯಬಾರದು. ಕೆಲಸವು ಈ ಕೆಳಕಂಡ ಕ್ರಮದಲ್ಲಿ ನಡೆಯುತ್ತಿದೆಯೇ ಎಂದು ಗಮನಿಸುವುದು.

1. ನಿಗಾ ಕೇಂದ್ರವಿದ್ದಲ್ಲಿ ಮೊದಲು ತಿಳಿಸಿ, ಖಾತೆಯನ್ನು ಪರೀಕ್ಷಾ ಸ್ಥಿತಿಯಲ್ಲಿ ಇರಿಸುವುದು. ಇಲ್ಲವಾದಲ್ಲಿ ಪೆಟ್ಟಿಗೆ ತೆರೆದ ಕೂಡಲೇ ಸುಳ್ಳು ಎಚ್ಚರಿಕೆ ಹೋಗುತ್ತದೆ.

2. ಮುಖ್ಯ ವಿದ್ಯುತ್ ಹಾಗೂ ಬ್ಯಾಟರಿ ಎರಡನ್ನೂ ಕಡಿತಗೊಳಿಸುವುದು. ವಿದ್ಯುತ್ ಇರುವಾಗ ಮಾಡ್ಯೂಲ್ ಜೋಡಿಸಿದರೆ ಎರಡೂ ಸರ್ಕ್ಯೂಟ್ ಬೋರ್ಡ್‌ಗಳು ಹಾಳಾಗುವ ಸಂಭವವಿದೆ.

3. ಮಾಡ್ಯೂಲನ್ನು ಸಾಧ್ಯವಾದಷ್ಟೂ ಪ್ಯಾನೆಲ್ ಪೆಟ್ಟಿಗೆಯ ಒಳಗೇ ಅಳವಡಿಸುವುದು. ವೈ-ಫೈ ಮಾಡ್ಯೂಲ್ ಆಗಿದ್ದಲ್ಲಿ ಆಂಟೆನಾ ಮಾತ್ರ ಪೆಟ್ಟಿಗೆಯ ಹೊರಗಿರಬೇಕು. ಲೋಹದ ಪೆಟ್ಟಿಗೆಯು ರೇಡಿಯೋ ತರಂಗಗಳನ್ನು ತಡೆಯುತ್ತದೆ.

4. ವೈ-ಫೈಗಿಂತ ಲ್ಯಾನ್ ಕೇಬಲ್‌ಗೆ ಆದ್ಯತೆ ನೀಡುವುದು. ವೈ-ಫೈ ಪಾಸ್‌ವರ್ಡ್ ಬದಲಾದೊಡನೆ ಅಲಾರಂ ಸಂಪರ್ಕ ತಪ್ಪುತ್ತದೆ. ವೈ-ಫೈ ಅನಿವಾರ್ಯವಾದಲ್ಲಿ, ಅನೇಕ ಮಾಡ್ಯೂಲ್‌ಗಳು 2.4 ಗಿಗಾಹರ್ಟ್ಸ್ ತರಂಗದಲ್ಲಿ ಮಾತ್ರ ಕೆಲಸ ಮಾಡುತ್ತವೆ ಎಂಬುದನ್ನು ಗಮನಿಸುವುದು.

5. ಮಲೆನಾಡು, ಕರಾವಳಿ ಮುಂತಾದ ಗುಡುಗು-ಸಿಡಿಲು ಹೆಚ್ಚಾಗಿರುವ ಪ್ರದೇಶಗಳಲ್ಲಿ ಪ್ಯಾನೆಲ್ ಹಾಗೂ ರೂಟರ್ ಎರಡಕ್ಕೂ ಸರ್ಜ್ ಪ್ರೊಟೆಕ್ಟರ್ ಮತ್ತು ಸರಿಯಾದ ಅರ್ಥಿಂಗ್ ಇರಬೇಕು.

ಹೊಂದಾಣಿಕೆಯ ಕ್ರಮ

1. ಐಪಿ ವಿಳಾಸ: ರೂಟರ್‌ನಿಂದ ತಾನಾಗಿಯೇ ವಿಳಾಸ ಪಡೆಯುವ ಡಿಎಚ್‌ಸಿಪಿ ವ್ಯವಸ್ಥೆಯನ್ನು ಬಳಸಿ, ಮಾಡ್ಯೂಲ್‌ನ ಮ್ಯಾಕ್ ವಿಳಾಸಕ್ಕೆ ಒಂದು ಐಪಿ ವಿಳಾಸವನ್ನು ರೂಟರ್‌ನಲ್ಲಿ ಕಾಯ್ದಿರಿಸುವುದು. ಮ್ಯಾಕ್ ವಿಳಾಸವು ಮಾಡ್ಯೂಲ್‌ನ ಮೇಲಿನ ಚೀಟಿಯಲ್ಲಿ ಮುದ್ರಿತವಾಗಿರುತ್ತದೆ.

2. ಸಂಪರ್ಕದ ವಿಧಾನ: ಹಳೆಯ ಕೈಪಿಡಿಗಳು ರೂಟರ್‌ನಲ್ಲಿ ಪೋರ್ಟ್ ತೆರೆದು ಹೊರಗಿನಿಂದ ಪ್ಯಾನೆಲ್‌ಗೆ ಪ್ರವೇಶಿಸುವಂತೆ ಸೂಚಿಸುತ್ತವೆ. ಇದು ಸುರಕ್ಷಿತವಲ್ಲ. ಅದೂ ಅಲ್ಲದೆ ಹಲವು ಸೇವಾದಾರರು ಒಂದೇ ಸಾರ್ವಜನಿಕ ವಿಳಾಸವನ್ನು ಅನೇಕ ಗ್ರಾಹಕರಿಗೆ ಹಂಚುವುದರಿಂದ ಇದು ಕೆಲಸವನ್ನೂ ಮಾಡುವುದಿಲ್ಲ. ರೂಟರ್‌ನ ಹೊರಬದಿಯ ವಿಳಾಸವು 100.64 ರಿಂದ 100.127 ರ ವರೆಗಿನ ಅಂಕಿಗಳಿಂದ ಆರಂಭವಾಗುತ್ತಿದ್ದರೆ ತಮ್ಮದು ಅಂತಹ ಹಂಚಿಕೆಯ ಸಂಪರ್ಕವೆಂದು ತಿಳಿಯುವುದು. ಮಾಡ್ಯೂಲ್ ತಾನೇ ಒಳಗಿನಿಂದ ಸರ್ವರ್‌ಗೆ ಸಂಪರ್ಕ ಸಾಧಿಸುವ ವಿಧಾನವನ್ನು ಆಯ್ದುಕೊಳ್ಳುವುದು.

3. ನಿಗಾ ಕೇಂದ್ರದ ವಿವರ: ಕೇಂದ್ರವು ನೀಡಿದ ಖಾತೆ ಸಂಖ್ಯೆ, ಮುಖ್ಯ ಹಾಗೂ ಬದಲಿ ರಿಸೀವರ್‌ಗಳ ವಿಳಾಸ, ಪೋರ್ಟ್ ಸಂಖ್ಯೆ ಮತ್ತು ಗೂಢಲಿಪಿ ಕೀಲಿಯನ್ನು ನಮೂದಿಸುವುದು. ಗೂಢಲಿಪಿಯ ಸೌಲಭ್ಯವನ್ನು ಚಾಲನೆಯಲ್ಲಿಡುವುದು ಕಡ್ಡಾಯವೆಂದೇ ತಿಳಿಯತಕ್ಕದ್ದು.

4. ದಿನಾಂಕ ಮತ್ತು ಸಮಯ: ಭಾರತೀಯ ಕಾಲಮಾನಕ್ಕೆ, ಅಂದರೆ ಅಂತರರಾಷ್ಟ್ರೀಯ ಕಾಲಮಾನಕ್ಕಿಂತ 5 ಗಂಟೆ 30 ನಿಮಿಷ ಮುಂದಕ್ಕೆ ಹೊಂದಿಸುವುದು. ಘಟನೆಯ ಸಮಯ ತಪ್ಪಾಗಿ ದಾಖಲಾದರೆ ತನಿಖೆಯ ಸಂದರ್ಭದಲ್ಲಿ ಆ ದಾಖಲೆಯ ಉಪಯೋಗ ಕುಗ್ಗುತ್ತದೆ.

5. ನಿಗಾ ಸಂಕೇತ: ತಾನು ಸಂಪರ್ಕದಲ್ಲಿರುವುದಾಗಿ ಮಾಡ್ಯೂಲ್ ನಿಗದಿತ ಅವಧಿಗೊಮ್ಮೆ ಕಳುಹಿಸುವ ಕಿರು ಸಂಕೇತವಿದು. ನಿಗದಿತ ಸಮಯಕ್ಕೆ ಅದು ಬಾರದಿದ್ದರೆ ಕೇಂದ್ರಕ್ಕೆ ಸಂಪರ್ಕ ಕಡಿದಿರುವುದು ತಿಳಿಯುತ್ತದೆ. ಅವಧಿಯನ್ನು 24 ಗಂಟೆಗೆ ಇರಿಸಿದ್ದಲ್ಲಿ, ಶನಿವಾರ ರಾತ್ರಿ ಯಾರಾದರೂ ಕೇಬಲ್ ಕತ್ತರಿಸಿದರೆ ಅದು ತಿಳಿಯುವಷ್ಟರಲ್ಲಿ ಭಾನುವಾರವೂ ಕಳೆದಿರಬಹುದು. ಅವಧಿಯನ್ನು 3 ನಿಮಿಷಕ್ಕೆ ಇರಿಸಿದ್ದಲ್ಲಿ ಕೆಲವೇ ನಿಮಿಷಗಳಲ್ಲಿ ತಿಳಿಯುತ್ತದೆ. ಸುಳ್ಳು ಎಚ್ಚರಿಕೆ ಹೆಚ್ಚಾಗದಂತೆ, ಸೇವಾದಾರರು ಅನುಮತಿಸುವ ಅತಿ ಕಡಿಮೆ ಅವಧಿಯನ್ನು ಆಯ್ದುಕೊಳ್ಳುವುದು. ಈ ಇಡೀ ಹೊಂದಾಣಿಕೆಯಲ್ಲಿ ಅತ್ಯಂತ ಮುಖ್ಯವಾದುದು ಇದೇ ಆಗಿದೆ.

6. ಕಳುಹಿಸಬೇಕಾದ ಸಂದೇಶಗಳು: ಅಲಾರಂ ಕ್ಷೇತ್ರದಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಕಾಂಟ್ಯಾಕ್ಟ್ ಐಡಿ ಪದ್ಧತಿಯಲ್ಲಿ ಪ್ರತಿ ಘಟನೆಗೂ 3 ಅಂಕಿಗಳ ಸಂಖ್ಯೆ ಇರುತ್ತದೆ. ಈ ಕೆಳಕಂಡ ಸಂದೇಶಗಳು ಚಾಲನೆಯಲ್ಲಿರುವುದನ್ನು ಖಚಿತಪಡಿಸಿಕೊಳ್ಳುವುದು.

110 – ಬೆಂಕಿ
120 – ಅಪಾಯದ ಗುಂಡಿ ಒತ್ತಿರುವುದು
130 – ಅಕ್ರಮ ಪ್ರವೇಶ
301 – ಮುಖ್ಯ ವಿದ್ಯುತ್ ಕಡಿತ
302 – ಬ್ಯಾಟರಿ ಕ್ಷೀಣತೆ
350 – ಸಂಪರ್ಕ ದೋಷ
602 – ನಿಯತಕಾಲಿಕ ಪರೀಕ್ಷೆ

ಕೆಲವೆಡೆ 110, 120, 130 ಮಾತ್ರ ಚಾಲನೆಯಲ್ಲಿಟ್ಟು ಉಳಿದವನ್ನು ನಿಲ್ಲಿಸಲಾಗಿರುತ್ತದೆ. ವ್ಯವಸ್ಥೆ ಸೊರಗುತ್ತಿರುವುದನ್ನು ಮುಂಚಿತವಾಗಿ ತಿಳಿಸುವುದು ಉಳಿದ ಸಂಖ್ಯೆಗಳೇ.

ವಿದ್ಯುತ್ ಮತ್ತು ಬದಲಿ ಮಾರ್ಗ

ಪ್ಯಾನೆಲ್‌ಗಳಲ್ಲಿ ಸಾಮಾನ್ಯವಾಗಿ 12 ವೋಲ್ಟ್, 7 ಆಂಪಿಯರ್-ಗಂಟೆ ಸಾಮರ್ಥ್ಯದ ಬ್ಯಾಟರಿ ಇರುತ್ತದೆ. ಇಡೀ ವ್ಯವಸ್ಥೆ 0.25 ಆಂಪಿಯರ್ ಬಳಸುತ್ತಿದ್ದರೆ ಲೆಕ್ಕದ ಪ್ರಕಾರ 28 ಗಂಟೆ ಬರಬೇಕು. ಮಾಡ್ಯೂಲ್ ಸೇರಿಸಿದ ಮೇಲೆ ಬಳಕೆ 0.35 ಆಂಪಿಯರ್ ಆದರೆ ಅದೇ ಬ್ಯಾಟರಿ 20 ಗಂಟೆಗೆ ಇಳಿಯುತ್ತದೆ. ಬ್ಯಾಟರಿ ಹಳೆಯದಾದಂತೆ ಇದು ಇನ್ನೂ ಕಡಿಮೆಯಾಗುತ್ತದೆ.

ಪ್ಯಾನೆಲ್‌ಗೆ ಬ್ಯಾಟರಿ ಇದ್ದು ರೂಟರ್‌ಗೆ ಇಲ್ಲದಿದ್ದರೆ ಪ್ರಯೋಜನವಿಲ್ಲ. ಮೀಟರ್ ಬಳಿಯ ಮುಖ್ಯ ಸ್ವಿಚ್ಚನ್ನು ಆರಿಸಿದ ಕ್ಷಣದಲ್ಲೇ ಸಂದೇಶದ ದಾರಿ ಮುಚ್ಚಿಹೋಗುತ್ತದೆ. ಆದುದರಿಂದ ಫೈಬರ್ ಮೋಡೆಮ್ ಮತ್ತು ರೂಟರ್ ಎರಡನ್ನೂ ಯುಪಿಎಸ್‌ಗೆ ಜೋಡಿಸತಕ್ಕದ್ದು. ಮುಖ್ಯ ಸ್ವಿಚ್ಚು ಹೊರಗಿನವರ ಕೈಗೆ ಎಟುಕುವಂತಿದ್ದರೆ ಆ ಪೆಟ್ಟಿಗೆಗೆ ಬೀಗ ಹಾಕಿಸುವುದು.

ಸಾಧ್ಯವಿದ್ದಲ್ಲಿ ಸಿಮ್ ಆಧಾರಿತ ಎರಡನೇ ಮಾರ್ಗವನ್ನೂ ಹೊಂದುವುದು. ಸಿಮ್ ಕಾರ್ಡ್ ಗ್ರಾಹಕರ ಅಥವಾ ಸೇವಾ ಸಂಸ್ಥೆಯ ಹೆಸರಿನಲ್ಲಿರಬೇಕೇ ಹೊರತು ಅಳವಡಿಸಿದ ವ್ಯಕ್ತಿಯ ಸ್ವಂತ ಹೆಸರಿನಲ್ಲಿರಬಾರದು. ರೀಚಾರ್ಜ್ ಇಲ್ಲದೆ ದೀರ್ಘಕಾಲ ಬಿಟ್ಟ ಸಿಮ್ ನಿಷ್ಕ್ರಿಯವಾಗುತ್ತದೆ. ಹಳೆಯ 2ಜಿ ಸಾಧನಗಳು ಜಿಯೋ ಜಾಲದಲ್ಲಿ ಕೆಲಸ ಮಾಡುವುದಿಲ್ಲ. ಹೊಸದಾಗಿ ಖರೀದಿಸುವವರು 4ಜಿ ಸಾಧನವನ್ನೇ ಪಡೆಯುವುದು.

ಕೋಡ್ ಹಾಗೂ ಪಾಸ್‌ವರ್ಡ್‌ಗಳ ಸುರಕ್ಷತೆ

ತಯಾರಕರು ನೀಡುವ ಆರಂಭಿಕ ಪಾಸ್‌ವರ್ಡ್‌ಗಳು ಕೈಪಿಡಿಯಲ್ಲಿ ಮುದ್ರಿತವಾಗಿರುವುದರಿಂದ ಅವು ಗುಟ್ಟಾಗಿ ಉಳಿಯುವುದಿಲ್ಲ. 2016 ರಲ್ಲಿ ಮಿರಾಯ್ ಎಂಬ ಕುತಂತ್ರಾಂಶವು ಆರಂಭಿಕ ಪಾಸ್‌ವರ್ಡ್ ಬದಲಾಯಿಸದ ಕ್ಯಾಮೆರಾ, ರೂಟರ್ ಮುಂತಾದ ಅಸಂಖ್ಯ ಸಾಧನಗಳನ್ನು ವಶಪಡಿಸಿಕೊಂಡು, ಅವುಗಳ ಮೂಲಕವೇ ಅನೇಕ ಪ್ರಮುಖ ಜಾಲತಾಣಗಳ ಸೇವೆಗೆ ಅಡ್ಡಿಪಡಿಸಿತು. ಆದುದರಿಂದ:

1. ಮಾಸ್ಟರ್ ಕೋಡ್, ಇನ್‌ಸ್ಟಾಲರ್ ಕೋಡ್, ಮಾಡ್ಯೂಲ್‌ನ ಪಾಸ್‌ವರ್ಡ್ ಹಾಗೂ ರೂಟರ್‌ನ ಪಾಸ್‌ವರ್ಡ್ ನಾಲ್ಕನ್ನೂ ಬದಲಾಯಿಸತಕ್ಕದ್ದು. 1234, ಹುಟ್ಟಿದ ವರ್ಷ, ವಾಹನದ ಸಂಖ್ಯೆ ಬಳಸಬಾರದು.

2. ಮೊಬೈಲ್ ಆ್ಯಪ್‌ನ ಮುಖ್ಯ ಖಾತೆ ಮಾಲೀಕರ ಸ್ವಂತ ಇ-ಮೇಲ್ ಹಾಗೂ ಮೊಬೈಲ್ ಸಂಖ್ಯೆಯಲ್ಲೇ ಇರಬೇಕು. ಎರಡು ಹಂತದ ದೃಢೀಕರಣ ಲಭ್ಯವಿದ್ದಲ್ಲಿ ಅದನ್ನು ಬಳಸುವುದು.

3. ಪ್ರತಿಯೊಬ್ಬ ಬಳಕೆದಾರರಿಗೂ ಪ್ರತ್ಯೇಕ ಕೋಡ್ ನೀಡುವುದು. ನೌಕರರು, ಬಾಡಿಗೆದಾರರು ಬಿಟ್ಟುಹೋದ ದಿನವೇ ಅವರ ಕೋಡ್ ರದ್ದುಪಡಿಸುವುದು.

4. ತಯಾರಕರು ನೀಡುವ ಸಾಫ್ಟ್‌ವೇರ್ ಪರಿಷ್ಕರಣೆಗಳನ್ನು ಕಾಲಕಾಲಕ್ಕೆ ಅಳವಡಿಸುವುದು.

ಹಸ್ತಾಂತರಕ್ಕೆ ಮೊದಲು ಹಾಗೂ ತಿಂಗಳಿಗೊಮ್ಮೆ ಪರೀಕ್ಷೆ

ಕೆಲಸ ಪೂರ್ಣವಾಯಿತೆಂದು ಸಹಿ ಮಾಡುವ ಮೊದಲು ಮಾಲೀಕರ ಸಮಕ್ಷಮದಲ್ಲಿ ಈ ಪರೀಕ್ಷೆಗಳು ನಡೆಯಬೇಕು. ನಿಗಾ ಕೇಂದ್ರಕ್ಕೆ ತಿಳಿಸಿ, ಇವನ್ನೇ ಪ್ರತಿ ತಿಂಗಳೂ ಮಾಡುವುದು.

1. ವ್ಯವಸ್ಥೆಯನ್ನು ಚಾಲನೆಗೊಳಿಸಿ ಬಾಗಿಲು ತೆರೆದು, ಸಂದೇಶ ತಲುಪಲು ಎಷ್ಟು ಸೆಕೆಂಡು ಬೇಕಾಯಿತೆಂದು ಬರೆದುಕೊಳ್ಳುವುದು.

2. ಲ್ಯಾನ್ ಕೇಬಲ್ ಕಳಚಿ, ಸಂಪರ್ಕ ದೋಷದ ಎಚ್ಚರಿಕೆ ಎಷ್ಟು ಹೊತ್ತಿಗೆ ಬಂದಿತೆಂದು ನೋಡುವುದು. ಎಚ್ಚರಿಕೆ ಬಾರದಿದ್ದರೆ ನಿಗಾ ಸಂಕೇತವನ್ನು ಸರಿಯಾಗಿ ಹೊಂದಿಸಿಲ್ಲವೆಂದೇ ಅರ್ಥ.

3. ಮುಖ್ಯ ವಿದ್ಯುತ್ ಆರಿಸಿ, ಕನಿಷ್ಠ 30 ನಿಮಿಷಗಳ ನಂತರ ಮತ್ತೊಮ್ಮೆ ಅಲಾರಂ ಪರೀಕ್ಷಿಸುವುದು.

ಎಚ್ಚರಿಕೆ ಬಂದಾಗ

ಎಚ್ಚರಿಕೆ ನಿಜವೆಂದು ಕಂಡುಬಂದಲ್ಲಿ ಕೂಡಲೇ ತುರ್ತು ಸಹಾಯವಾಣಿ 112 ಕ್ಕೆ ಕರೆ ಮಾಡಿ ವಿಳಾಸ, ಹತ್ತಿರದ ಗುರುತು, ಸ್ಥಳದಲ್ಲಿ ಯಾರಾದರೂ ಇದ್ದಾರೆಯೇ ಎಂಬ ವಿವರ ತಿಳಿಸುವುದು. ಒಬ್ಬರೇ ಒಳಗೆ ಪ್ರವೇಶಿಸಬಾರದು. ಅಲಾರಂ ಯಂತ್ರವೇ 112 ಕ್ಕೆ ಧ್ವನಿಮುದ್ರಿತ ಕರೆ ಮಾಡುವಂತೆ ಹೊಂದಿಸಬಾರದು. ಕರೆ ಸ್ವೀಕರಿಸುವವರು ಕೇಳುವ ಪ್ರಶ್ನೆಗೆ ಯಂತ್ರ ಉತ್ತರಿಸಲಾರದು. ಸುಳ್ಳು ಕರೆಯು ನಿಜವಾದ ಆಪತ್ತಿನಲ್ಲಿರುವ ಇನ್ನೊಬ್ಬರ ಸಮಯವನ್ನು ಕಸಿಯುತ್ತದೆ.

ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಇಂಟರ್ನೆಟ್ ಇಲ್ಲದಾಗ ಸೈರನ್ ಮೊಳಗುತ್ತದೆಯೇ?
ಉತ್ತರ: ಹೌದು. ಸೈರನ್ ಪ್ಯಾನೆಲ್‌ಗೆ ನೇರವಾಗಿ ಜೋಡಣೆಯಾಗಿರುತ್ತದೆ. ಸಂದೇಶ ಮಾತ್ರ ಹೊರಗೆ ಹೋಗುವುದಿಲ್ಲ.

ಪ್ರಶ್ನೆ: ರೂಟರ್ ಅಥವಾ ಇಂಟರ್ನೆಟ್ ಸೇವಾದಾರರನ್ನು ಬದಲಾಯಿಸಿದರೆ ಏನು ಮಾಡಬೇಕು?
ಉತ್ತರ: ಅದೇ ದಿನ ಐಪಿ ಕಾಯ್ದಿರಿಸುವಿಕೆಯನ್ನು ಹೊಸ ರೂಟರ್‌ನಲ್ಲಿ ಮತ್ತೆ ಮಾಡಿ, ಮೇಲ್ಕಂಡ ಮೂರೂ ಪರೀಕ್ಷೆಗಳನ್ನು ನಡೆಸಬೇಕು.

ಪ್ರಶ್ನೆ: ಆ್ಯಪ್ ಇರುವ ಮೊಬೈಲ್ ಕಳೆದುಹೋದರೆ?
ಉತ್ತರ: ಬೇರೆ ಸಾಧನದಿಂದ ಪ್ರವೇಶಿಸಿ ಪಾಸ್‌ವರ್ಡ್ ಬದಲಾಯಿಸಿ, ಕಳೆದ ಮೊಬೈಲನ್ನು ಖಾತೆಯಿಂದ ತೆಗೆದುಹಾಕಬೇಕು. ಪೊಲೀಸ್ ದೂರು ದಾಖಲಿಸಿ, ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದ ಮೂಲಕ ಮೊಬೈಲ್ ಅನ್ನು ನಿರ್ಬಂಧಿಸಲು ಕೋರಬಹುದು.

ಪ್ರಶ್ನೆ: ಅಂಗಡಿಯಲ್ಲಿ ಅಲಾರಂ ಇದ್ದರೆ ಸಿಸಿಟಿವಿ ಬೇಡವೇ?
ಉತ್ತರ: ಎರಡೂ ಬೇರೆ ಬೇರೆ. ಕರ್ನಾಟಕ ಸಾರ್ವಜನಿಕ ಸುರಕ್ಷತಾ (ಕ್ರಮಗಳ) ಜಾರಿ ಅಧಿನಿಯಮ, 2017 ರ ವ್ಯಾಪ್ತಿಗೆ ಬರುವ, ಜನಸಂದಣಿ ಸೇರುವ ಸಂಸ್ಥೆಗಳು ಸಿಸಿಟಿವಿ ಅಳವಡಿಸಿ ಅದರ ದೃಶ್ಯಾವಳಿಯನ್ನು 30 ದಿನಗಳ ಕಾಲ ಕಾಯ್ದಿರಿಸಬೇಕು. ಅಲಾರಂ ವ್ಯವಸ್ಥೆ ಅದಕ್ಕೆ ಬದಲಿಯಾಗುವುದಿಲ್ಲ.

ಪ್ರಶ್ನೆ: ಯಾವ ದಾಖಲೆಗಳನ್ನು ಇಟ್ಟುಕೊಳ್ಳಬೇಕು?
ಉತ್ತರ: ಖರೀದಿ ರಸೀದಿ, ಒಪ್ಪಂದ ಪತ್ರ, ಮಾದರಿ ಹಾಗೂ ಮ್ಯಾಕ್ ಸಂಖ್ಯೆ, ಬ್ಯಾಟರಿ ಬದಲಾಯಿಸಿದ ದಿನಾಂಕ ಮತ್ತು ಮಾಸಿಕ ಪರೀಕ್ಷೆಯ ಟಿಪ್ಪಣಿ. ಕೋಡ್‌ಗಳನ್ನು ಇವುಗಳ ಜೊತೆಯಲ್ಲಿ ಬರೆದಿಡಬಾರದು.

ಸೂಚನೆ: ಈ ಮಾಹಿತಿಯು ಸಾರ್ವಜನಿಕರ ಮಾರ್ಗದರ್ಶನಕ್ಕಾಗಿ ಮಾತ್ರ. ಇದು ಯಾವುದೇ ಕಂಪನಿಯ ಸಾಧನ ಅಥವಾ ಸೇವೆಯ ಶಿಫಾರಸಾಗಿರುವುದಿಲ್ಲ. ಸಾಧನದ ಕೈಪಿಡಿಯಲ್ಲಿರುವ ಸುರಕ್ಷತಾ ಸೂಚನೆಗಳನ್ನು ತಪ್ಪದೆ ಪಾಲಿಸತಕ್ಕದ್ದು.