ಚಳಿಜ್ವರದಿಂದ ಡೆಂಗಿವರೆಗೆ: ಮಕ್ಕಳಿಗೆ ನಾವು ಹೇಳಿಕೊಂಡು ಬಂದದ್ದು

"ಬಾಗ್ಲು ಹಾಕ್ರೋ, ಸೊಳ್ಳೆ ಬರ್ತವೆ." ಮುಸ್ಸಂಜೆ ಆದರೆ ನಮ್ಮ ಅಜ್ಜಿಯರು ಇವತ್ತಿಗೂ ಹೇಳುವ ಮಾತು ಇದು. ಹೊಳೆನರಸೀಪುರದ ನಾಲೆ ಬಯಲಿರಲಿ, ಅರಕಲಗೂಡಿನ ಹೊಗೆಸೊಪ್ಪಿನ ಊರಿರಲಿ, ಚನ್ನರಾಯಪಟ್ಟಣದ ತೆಂಗಿನ ತೋಟವಿರಲಿ, ಮಾತು ಒಂದೇ. ಇದು ಚಳಿಜ್ವರದ ಕಾಲದ ಬುದ್ಧಿ. ಆ ಕಾಲಕ್ಕೆ ಸರಿಯಾಗಿಯೇ ಇತ್ತು.

ಅದಕ್ಕೂ ಹಿಂದೆ ಚಳಿಜ್ವರಕ್ಕೆ ಕಾರಣ ಕೆಟ್ಟ ಗಾಳಿ ಅಂತಲೇ ಯುರೋಪಿನ ವೈದ್ಯರೂ ನಂಬಿದ್ದರು. ಮಲೇರಿಯಾ ಅನ್ನುವ ಇಟಲಿ ಪದದ ಅರ್ಥವೇ ಅದು. "ಮಗೀಗೆ ಗಾಳಿ ಸೋಕಿದೆ" ಅನ್ನುತ್ತಿದ್ದ ನಮ್ಮ ಹಿರಿಯರನ್ನು ಕಂಡು ನಗುವವರು ಇದನ್ನು ನೆನಪಿಟ್ಟುಕೊಳ್ಳಬೇಕು. 1883ರಲ್ಲಿ ಬೆಂಗಳೂರಿನ ದಂಡಿನಲ್ಲಿ ವೈದ್ಯರಾಗಿದ್ದ ರೊನಾಲ್ಡ್ ರಾಸ್, ನಿಂತ ನೀರು ಸಿಗದಂತೆ ಮಾಡಿದರೆ ಸೊಳ್ಳೆ ಕಡಿಮೆಯಾಗುತ್ತವೆ ಅನ್ನುವುದನ್ನು ಗಮನಿಸಿದರು. 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ರೋಗಾಣುವನ್ನೇ ಕಂಡರು.

ಆ ಸೊಳ್ಳೆ ಕಚ್ಚುವುದು ಕತ್ತಲಾದ ಮೇಲೆ. ಮೊಟ್ಟೆ ಇಡುವುದು ಕೆರೆ, ನಾಲೆ, ಬಾವಿಗಳಲ್ಲಿ. 1953ರಲ್ಲಿ ದೇಶದ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಗಿ, ಗೋಡೆಗೆ ಡಿಡಿಟಿ ಹೊಡೆಯುವವರು ಬಂದರು. ಮುಂದೆ ನಮ್ಮದೇ ಜಿಲ್ಲೆಯ ಬಾಣಾವರದ ಕಡೆ ಬಾವಿಗಳಿಗೆ ಸೊಳ್ಳೆಮರಿ ತಿನ್ನುವ ಗಪ್ಪಿ ಮೀನು ಬಿಟ್ಟರು. ಮಕ್ಕಳಿಗೆ ಇದಕ್ಕಿಂತ ಸುಲಭವಾದ ಪಾಠ ಇನ್ನೊಂದಿಲ್ಲ ಅನ್ನಿಸುತ್ತದೆ.

2006ರಲ್ಲಿ ಚಿಕುನ್‌ಗುನ್ಯಾ ಬಂದಾಗ ನಾವಿನ್ನೂ ಶಾಲೆಯಲ್ಲಿದ್ದೆವು. ಹೆಸರಲ್ಲೇ ಚಿಕನ್ ಇದೆ, ಕೋಳಿ ತಿಂದ್ರೆ ಬರುತ್ತೆ ಅಂತ ದೊಡ್ಡವರೇ ಹೇಳುತ್ತಿದ್ದರು. ನಿಜಕ್ಕೆ ಅದು ಆಫ್ರಿಕಾದ ತಾಂಜಾನಿಯ ಕಡೆಯ ಮಾಕೊಂಡೆ ಭಾಷೆಯ ಪದ. ಕೀಲುನೋವಿಗೆ ಮೈ ಬಾಗುವುದು ಅಂತ ಅರ್ಥ. ಆ ವರ್ಷ ರಾಜ್ಯದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣ ಲೆಕ್ಕಕ್ಕೆ ಸಿಕ್ಕವು. ಎಷ್ಟೋ ಮನೆಗಳಲ್ಲಿ ಕೋಳಿ ಬಿಟ್ಟರು, ಡ್ರಮ್ಮಿನ ನೀರು ಹಾಗೇ ಇತ್ತು.

ಡೆಂಗಿ ತರುವುದೂ ಅದೇ ಸೊಳ್ಳೆ, ಕಾಲಿನ ಮೇಲೆ ಬಿಳಿ ಪಟ್ಟೆ ಇರುವುದು. ಕಚ್ಚುವುದು ಹಗಲಲ್ಲಿ. ಮೊಟ್ಟೆ ಇಡುವುದು ಸಿಮೆಂಟ್ ತೊಟ್ಟಿ, ಹಳೇ ಟೈರು, ಹಿತ್ತಲ ಒರಳುಕಲ್ಲು, ತೆಂಗಿನ ಚಿಪ್ಪಿನಲ್ಲಿ. ನೀರು ಒಣಗಿದರೂ ಮೊಟ್ಟೆ ತಿಂಗಳುಗಟ್ಟಲೆ ಸಾಯುವುದಿಲ್ಲ, ಅದಕ್ಕೇ ವಾರಕ್ಕೊಮ್ಮೆ ತೊಟ್ಟಿ ಉಜ್ಜಬೇಕು. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿತು. ನಮ್ಮ ಮಾತು ಮಾತ್ರ ಇನ್ನೂ ಮುಸ್ಸಂಜೆ ಬಾಗಿಲಲ್ಲೇ ನಿಂತಿದೆ.

ಇನ್ನೊಂದು ಹಳೇ ಮಾತು ಇದಕ್ಕಿಂತ ಅಪಾಯದ್ದು: "ಜ್ವರ ಬಿಡ್ತಲ್ಲ, ಆಡ್ಕೋ ಹೋಗು." ಡೆಂಗಿಯಲ್ಲಿ ಜ್ವರ ಇಳಿದ ಮೇಲಿನ ಒಂದೆರಡು ದಿನವೇ ಕಷ್ಟದ್ದು. ಜೋರು ಹೊಟ್ಟೆನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ, ಮಂಕು, ಇವು ಕಾಣುವುದು ಹೆಚ್ಚಾಗಿ ಆಗಲೇ. ಕಂಡ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಜ್ವರಕ್ಕೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ಕೊಡಬಾರದು.

ಹೊಟ್ಟೆನೋವು ಮಗುವಿಗೆ ಗೊತ್ತಾಗುತ್ತದೆ, ನಮಗೆ ಗೊತ್ತಾಗುವುದಿಲ್ಲ. ಮಲಗಿಸುವಾಗ ಇಷ್ಟು ಹೇಳಿಡಿ: "ಜ್ವರ ಬಿಟ್ಟ ಮೇಲೂ ಹೊಟ್ಟೆ ನೋಯ್ತಿದ್ರೆ ನಿದ್ದೇಲಿದ್ರೂ ಎಬ್ಬಿಸಿ ಹೇಳು, ಆಯ್ತಾ ಮಗ?"